ಬೆಂಕಿ ಕಾಯ್ತಿರು

"ಮೂರನೇದು ಯಾರು ಹೇಳ್ತೀರಾ? ಇನ್ನೂ ಒಂದು ಅರ್ಥ ಇದೆ."

ನಟರಾಜ ಮೇಷ್ಟ್ರು ಚಾಕ್‌ಪೀಸಿನಿಂದ ಬೋರ್ಡನ್ನು ಟಕ ಟಕ ಕುಟ್ಟಿದರು. ಬೋರ್ಡಿನ ಮೇಲೆ 'ಕಾಯು' ಎಂದು ದಪ್ಪಕ್ಕೆ ಬರೆದಿತ್ತು. ಐದನೇ ಕ್ಲಾಸಿಗೆ ಅವತ್ತು ನಾನಾರ್ಥದ ಪಾಠ. ಪದ ಒಂದೇ, ಅರ್ಥ ಹಲವು.

ಮೊದಲನೆಯದನ್ನು ಪ್ರೇಕ್ಷಾ ಹೇಳಿಯಾಗಿತ್ತು. "ನಾಯಿ ಮನೆ ಕಾಯುತ್ತದೆ ಸಾ." ಎರಡನೆಯದನ್ನು ಹೇಳಿದ್ದು ಮುಂದಿನ ಬೆಂಚಿನ ತೇಜಶ್ರೀ. "ಅರಕಲಗೂಡು ಬಸ್ಸಿಗೆ ಕಾಯ್ತೀವಿ ಸಾ. ಕಾದೂ ಕಾದೂ ಸಾಕಾಗಿ ಆಟೋ ಹತ್ತುತೀವಿ." ಅದಕ್ಕೆ ಎಲ್ಲರೂ ನಕ್ಕಿದ್ದರು.

ಈಗ ಹಿಂದಿನ ಬೆಂಚಿನಿಂದ ಶಶಿಕಿರಣ್ ಎದ್ದು ನಿಂತ. "ಬೆಂಕಿ ಕಾಯ್ತೀವಿ ಸಾ. ಚಳಿಗೆ."

ಈ ಸಲ ಯಾರೂ ನಗಲಿಲ್ಲ. ಎಲ್ಲರ ಕತ್ತೂ ತಾನಾಗಿ ಕಿಟಕಿಯ ಕಡೆ ತಿರುಗಿತು. ಕಿಟಕಿಯ ಆಚೆ ಎಲಚಿಗುಡ್ಡ ಕಾಣುತ್ತಿತ್ತು. ಶುಕ್ರವಾರದವರೆಗೂ ಅದು ಒಣಹುಲ್ಲಿನ ಬಣ್ಣಕ್ಕೆ ಇತ್ತು. ಈಗ ಬುಡದಿಂದ ನೆತ್ತಿಯವರೆಗೆ ಕಪ್ಪು. ಗಾಳಿ ಬೀಸಿದಾಗಲೆಲ್ಲ ಅಲ್ಲಿಂದ ಬೂದಿ ಎದ್ದು ಬರುತ್ತಿತ್ತು. ಬೆಳಿಗ್ಗೆ ಒರೆಸಿದ ಬೆಂಚಿನ ಮೇಲೆ ಆಗಲೇ ಬೆರಳಿಟ್ಟರೆ ಗುರುತು ಮೂಡುವಷ್ಟು ಬೂದಿ ಕೂತಿತ್ತು.

"ಸರಿ," ಎಂದರು ಮೇಷ್ಟ್ರು. "ಬರ್ಕೊಳ್ಳಿ. ಕಾವಲಿರು. ಎದುರು ನೋಡು. ಮೈ ಬಿಸಿ ಮಾಡಿಕೊ. ಯಾವ ಅರ್ಥ ಅಂತ ಹಿಂದು ಮುಂದು ನೋಡಿ ತಿಳ್ಕೋಬೇಕು."

ಮಾನ್ಯ ಬರೆದುಕೊಂಡಳು. ಒಂದು, ಎರಡು, ಮೂರು. ಬರೆದದ್ದನ್ನು ಮತ್ತೆ ಓದಿದಳು. ಮೂರನೆಯದನ್ನು ಓದಿ ಮೊದಲನೆಯದಕ್ಕೆ ಬಂದಾಗ ಅವಳ ಪೆನ್ನು ನಿಂತಿತು.

ಬೆಂಕಿ ಕಾಯ್ತಿರು.

ಹಾಗೆ ಅಂದಿದ್ದು ತಾತ. ಶನಿವಾರ ಬೆಳಿಗ್ಗೆ.

ಅವಳು ಮೊದಲನೆಯ ಅರ್ಥದ ಮೇಲೆ ಬೆರಳಿಟ್ಟಳು.

*

ಶನಿವಾರ ಮಾರ್ನಿಂಗ್ ಸ್ಕೂಲು. ಎಂಟಕ್ಕೆಲ್ಲ ಪ್ರೇಯರ್. ಏಳು ಗಂಟೆಗೆ ಅಮ್ಮ ಸ್ಟೀಲ್ ಚೊಂಬಿನಲ್ಲಿ ಕಾಫಿ ಹಾಕಿಕೊಟ್ಟು, "ತಾತಂಗೆ ಕೊಟ್ಬುಟ್ಟು ಅಂಗೇ ಸ್ಕೂಲಿಗೆ ಹೋಗು, ಬ್ಯಾಗ್ ತಗೊಂಡೇ ಹೋಗು," ಎಂದಿದ್ದಳು.

ಅವರ ಹೊಲ ಗುಡ್ಡದ ಕೆಳಗೇ ಇತ್ತು. ಶುಂಠಿ ಹಾಕುವುದಕ್ಕೆ ನೆಲ ಸಿದ್ಧ ಮಾಡಬೇಕಾಗಿತ್ತು. ತಾತ ಬದುವಿನ ಮೇಲಿನ ಒಣಹುಲ್ಲಿಗೆ ಬೆಂಕಿ ಇಟ್ಟು, ಕೈಯಲ್ಲಿ ಹೊಂಗೆಸೊಪ್ಪಿನ ಕೊಂಬೆ ಹಿಡಿದು ನಿಂತಿದ್ದರು. ಬೆಂಕಿ ಸಣ್ಣಗೆ, ಸಾಲಾಗಿ, ಹೇಳಿದ ಮಾತು ಕೇಳುವ ಹಾಗೆ ಬದುವಿನ ಮೇಲೇ ಹೋಗುತ್ತಿತ್ತು. ಪ್ರತಿ ವರ್ಷ ಹಾಗೇ ಸುಡುತ್ತಿದ್ದರು. ಊರಲ್ಲಿ ಎಲ್ಲರೂ ಸುಡುತ್ತಿದ್ದರು.

"ತಾತ, ಕಾಫಿ. ಉಸ್ಸಪ್ಪಾ, ಏನು ಚಳಿ!" ಮಾನ್ಯ ಸ್ವೆಟರಿನ ತೋಳಿನೊಳಗೆ ಕೈ ಎಳೆದುಕೊಂಡಳು.

ತಾತ ನಿಂತೇ ಕಾಫಿ ಕುಡಿದರು. ಆಗ ಕೆಳಗಿನ ತೋಟದಲ್ಲಿ ಮೋಟರು ಗುಂಯ್ ಎಂದಿತು. ತ್ರೀ ಫೇಸ್ ಕರೆಂಟು ಬಂದಿತ್ತು.

"ತತ್ತೇರಿಕೆ! ಪೈಪು ತಿರುಗ್ಸಿಲ್ಲ ಕಣ್ ಮಗಾ, ನೀರೆಲ್ಲಾ ರಸ್ತೆಗೋಯ್ತದೆ. ನೀ ಬೆಂಕಿ ಕಾಯ್ತಿರು, ಬಂದೆ," ಎಂದು ತಾತ ಪಂಚೆ ಎತ್ತಿಕಟ್ಟಿ ಓಡಿದರು.

ಮಾನ್ಯ ಬೆಂಕಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅಂಗೈ ಚಾಚಿದಳು. ಹಿತವಾಗಿತ್ತು. ಬದುವಿನ ಕೊನೆಯಲ್ಲಿ, ಗುಡ್ಡ ಶುರುವಾಗುವ ಕಡೆ, ಹಳೆಯ ಮರದ ಒಂದು ಮೋಟು ಇತ್ತು. ಬೆಂಕಿ ಅಲ್ಲಿಗೆ ಹೋಗಿ ಮೋಟನ್ನು ಮೂಸಿ ನೋಡುವ ಹಾಗೆ ನಿಂತಿತ್ತು. ಅದನ್ನೂ ಅವಳು ನೋಡಿದ್ದಳು. ಚೆನ್ನಾಗಿ ನೆನಪಿತ್ತು.

ಅಷ್ಟರಲ್ಲಿ ರಸ್ತೆಯಿಂದ ಪ್ರೇಕ್ಷಾ ಕೂಗಿದಳು. "ಮಾನ್ಯಾ, ಬಾರೇ, ಲೇಟಾಯ್ತು! ಲೇಟಾದ್ರೆ ಪ್ರೇಯರ್‌ನಲ್ಲಿ ಮುಂದೆ ನಿಲ್ಲಿಸ್ತಾರೆ!"

ಮೈ ಬೆಚ್ಚಗಾಗಿತ್ತು. ಮಾನ್ಯ ಬ್ಯಾಗ್ ಎತ್ತಿಕೊಂಡು ಓಡಿದಳು.

ಕೊನೆಯ ಪೀರಿಯಡ್ಡಿನಲ್ಲಿ ಗಾಳಿ ಜೋರಾಯಿತು. ಹನ್ನೊಂದು ಗಂಟೆಗೆ ಗುಡ್ಡದ ಬುಡದಲ್ಲಿ ಹೊಗೆ ಕಾಣಿಸಿತು. ಶಾಲೆ ಬಿಡುವ ಹೊತ್ತಿಗೆ ಅರ್ಧ ಗುಡ್ಡ ಉರಿಯುತ್ತಿತ್ತು. ಅರಕಲಗೂಡಿನಿಂದ ಫೈರ್ ಎಂಜಿನ್ ಬಂತು. ಆದರೆ ಅದು ಗುಡ್ಡ ಹತ್ತಲಾರದೆ ಕೆಳಗೇ ನಿಂತಿತು. ಊರಿನವರು ಹಸಿ ಕೊಂಬೆ ಹಿಡಿದು ಸಂಜೆಯವರೆಗೂ ಬಡಿದರು. ತಾತನೂ ಬಡಿದರು. ಮನೆಗೆ ಬಂದಾಗ ಅವರ ಕೈಮೇಲಿನ ಕೂದಲೆಲ್ಲ ಸುಟ್ಟು ಮುದುರಿತ್ತು.

ಆಗ ಮಾನ್ಯಳಿಗೆ ಬರೀ ಭಯವಾಗಿತ್ತು. ಎಲ್ಲರಿಗೂ ಆದ ಹಾಗೆ. ಈಗ, ಈ ಸೋಮವಾರ, ಮೂರು ಅರ್ಥಗಳ ಮುಂದೆ ಕೂತಾಗ ಆದದ್ದು ಅದಲ್ಲ.

*

ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಪ್ರೇಕ್ಷಾ ತಟ್ಟೆ ಹಿಡಿದುಕೊಂಡು ಪಕ್ಕಕ್ಕೆ ಬಂದು ಕೂತಳು.

"ಗೊತ್ತೇನೇ? ಬೆಂಕಿ ಇಟ್ಟಿದ್ದು ರೇವಜ್ಜಿ ಅಂತೆ."

"ಯಾರು ಹೇಳಿದ್ದು?"

"ಎಲ್ರೂ ಹೇಳ್ತಾವ್ರೆ. ಹಾಲಿನ ಡೈರೀಲಿ ಮಾತಾಡ್ತಿದ್ರಂತೆ. ಬೆಂಕಿ ಬಿದ್ದಾಗ ಗುಡ್ಡದಿಂದ ಇಳಿದು ಬಂದಿದ್ದು ಅವಳೊಬ್ಳೇ ತಾನೆ?"

"ಮೇಕೆ ಮೇಯಿಸೋಕೆ ಹೋಗಿದ್ಲು. ದಿನಾ ಹೋಗ್ತಾಳೆ."

"ಅದಕ್ಕೇ ಕಣೇ. ಹಳೇ ಹುಲ್ಲು ಸುಟ್ರೆ ಮಳೆ ಬಿದ್ದ ತಕ್ಷಣ ಹೊಸ ಹುಲ್ಲು ಬರ್ತದೆ. ಮೇಕೆಗೆ ಒಳ್ಳೇದು. ಅವಳೇ ಒಂದಿನ ಟ್ಯಾಂಕ್ ಹತ್ರ ಹಂಗಂದಿದ್ಲಂತೆ. ಬುಧವಾರ ಫಾರೆಸ್ಟ್ ಗಾರ್ಡ್ ಬಂದು ಬರ್ಕೊಂಡ್ ಹೋಗ್ತಾನಂತೆ. ಜೈಲಿಗೆ ಹಾಕ್ತಾರೇನೋ."

ಮಾನ್ಯ ಅನ್ನಕ್ಕೆ ಸಾಂಬಾರು ಕಲೆಸುತ್ತಲೇ ಇದ್ದಳು. ಕಲೆಸಿ ಕಲೆಸಿ ಅದು ಅಂಬಲಿಯಂತಾಯಿತು.

"ತಿನ್ನೇ. ಅದನ್ಯಾಕೆ ಹಿಂಗೆ ಕಿವುಚ್ತಿದ್ದೀಯ?" ಎಂದಳು ಪ್ರೇಕ್ಷಾ.

ಶಾಲೆ ಬಿಟ್ಟ ಮೇಲೆ ಮಾನ್ಯ ಮನೆಗೆ ಹೋಗದೆ ಹೊಲಕ್ಕೆ ಹೋದಳು. ಬದುವನ್ನು ನೋಡಬೇಕಿತ್ತು. ಬೆಂಕಿ ಬದುವಿನಿಂದಲೇ ಗುಡ್ಡಕ್ಕೆ ಹೋಗಿದ್ದರೆ ಅಲ್ಲಿ ಕಪ್ಪು ಗುರುತು ಇರಬೇಕು. ಇಲ್ಲದಿದ್ದರೆ ಇರಬಾರದು. ಇರದೇ ಇರಲಿ ಎಂದುಕೊಳ್ಳುತ್ತಾ ಹೋದಳು.

ಅಲ್ಲಿ ಕಪ್ಪು ಇರಲಿಲ್ಲ. ಬದುವೇ ಇರಲಿಲ್ಲ.

ಬದುವಿದ್ದ ಜಾಗದಿಂದ ಗುಡ್ಡದ ಅಂಚಿನವರೆಗೂ ಟ್ರ್ಯಾಕ್ಟರಿನಲ್ಲಿ ಉತ್ತುಬಿಟ್ಟಿದ್ದರು. ಕೆಂಪು ಮಣ್ಣು ಹಸಿಯಾಗಿ ಹೊರಳಿ ಬಿದ್ದಿತ್ತು. ಮೋಟನ್ನು ಬೇರುಸಹಿತ ಕಿತ್ತು, ಮಗುಚಿ, ಮೇಲೆ ಮಣ್ಣು ಎಳೆದಿದ್ದರು. ಮಾನ್ಯ ಬೆರಳಿನಿಂದ ಮಣ್ಣು ಕೆದಕಿದಳು. ಒಂದು ಗೇಣು ಕೆಳಗೆ ಇದ್ದಿಲು ಸಿಕ್ಕಿತು. ಅದನ್ನು ಮತ್ತೆ ಮುಚ್ಚಿ, ಕೈಯನ್ನು ಲಂಗಕ್ಕೆ ಒರೆಸಿಕೊಂಡಳು.

ತಾತನಿಗೆ ಗೊತ್ತು. ತಾನು ಕಾಯದೆ ಓಡಿಹೋದದ್ದು ಗೊತ್ತು. ಯಾರಾದರೂ ತನ್ನನ್ನು ಬೈದಾರು ಎಂದು ಮುಚ್ಚಿಟ್ಟಿದ್ದಾರೆ. ಹಾಗೆಂದುಕೊಂಡಾಗ ಅವಳಿಗೆ ತಾತನ ಮೇಲೆ ತುಂಬ ಪ್ರೀತಿ ಬಂತು. ಹಿಂದೆಯೇ ರೇವಜ್ಜಿಯ ಮುಖ ನೆನಪಾಯಿತು.

ಆ ಸಂಜೆ ತಾತ ಊಟಕ್ಕೆ ಕೂತವರು ಮುದ್ದೆಯನ್ನು ಮುರಿದು ಹಾಗೇ ಬಿಟ್ಟರು.

"ಸಾರು ಸೇರ್ಲಿಲ್ವಾ ಮಾವ?" ಎಂದಳು ಅಮ್ಮ.

"ಹಸಿವಿಲ್ಲ ಕಣಮ್ಮ. ಬೆಂಕೀಲಿ ನಿಂತ್ನಲ್ಲ, ಬಾಯೆಲ್ಲಾ ಕಹಿ."

ಅಮ್ಮ ಅವರ ಮುಖವನ್ನೊಮ್ಮೆ, ಮಾನ್ಯಳ ತಟ್ಟೆಯನ್ನೊಮ್ಮೆ ನೋಡಿದಳು. ಎರಡು ತಟ್ಟೆಯಲ್ಲೂ ಮುದ್ದೆ ಹಾಗೇ ಇತ್ತು.

*

ರೇವಜ್ಜಿಯ ಮನೆ ಊರಿನ ಕೊನೆಯದು. ಅದರ ಹಿಂದೆ ಗುಡ್ಡವೇ. ಮಂಗಳವಾರ ಸಂಜೆ ಮಾನ್ಯ ಹಿತ್ತಲಲ್ಲಿ ಸೀಮೆಹುಲ್ಲು ಕೊಯ್ದು, ಎರಡು ಕೈಗೂ ಆಗುವಷ್ಟು ತಬ್ಬಿಕೊಂಡು ಹೋದಳು. ಹೇಳಿಬಿಡಬೇಕು ಎಂದುಕೊಂಡೇ ಹೋಗಿದ್ದಳು. ದಾರಿಯುದ್ದಕ್ಕೂ ಮಾತು ಜೋಡಿಸಿದ್ದಳು.

ಅಂಗಳದಲ್ಲಿ ಮೇಕೆಗಳು ಕಟ್ಟಿದ್ದವು. ಮೊದಲು ಆರಿದ್ದವು. ಈಗ ನಾಲ್ಕು. ಹುಲ್ಲು ಕಂಡ ಕೂಡಲೇ ನಾಲ್ಕೂ ಹಗ್ಗ ಜಗ್ಗಿದವು.

"ಯಾರದು? ಪುಟ್ಟರಾಜಣ್ಣನ ಮೊಮ್ಮಗಳಾ?" ರೇವಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಬಲಗಾಲಿಗೆ ಬಿಳಿ ಬಟ್ಟೆ ಸುತ್ತಿತ್ತು. "ಬಾ ಕೂಸೇ. ಹುಲ್ಲು ತಂದ್ಯಾ? ನಿಮ್ಮಪ್ಪನ ಹಸಕ್ಕೆ ಇಲ್ದಂಗೆ ಮಾಡ್ಬುಟ್ಟು?"

"ಇನ್ನೂ ಇದೆ ಅಜ್ಜಿ. ಇನ್ನೆರಡು ಮೇಕೆ ಎಲ್ಲಿ?"

"ಹಳ್ಳಿಮೈಸೂರಿಗೆ ಮಗಳ ಮನೆಗೆ ಅಟ್ಟಿವ್ನಿ. ಇಲ್ಲಿ ಏನ್ ಮೇಯ್ಸ್ಲಿ? ಬೂದಿ ಮೇಯ್ಸ್ಲಾ?"

"ಮರಿ?"

ಆ ಮರಿಯನ್ನು ಮಾನ್ಯ ಎತ್ತಿಕೊಂಡು ಆಡಿಸಿದ್ದಳು. ಹಣೆಯ ಮೇಲೆ ನಾಮದಂತೆ ಬಿಳಿ ಗೆರೆ ಇತ್ತು. ಹುಟ್ಟಿ ಒಂದು ತಿಂಗಳೂ ಆಗಿರಲಿಲ್ಲ.

ರೇವಜ್ಜಿ ಬಾಯಿಗೆ ಒಂದು ಚೂರು ಅಡಿಕೆ ಹಾಕಿಕೊಂಡಳು.

"ಎಲಚಿ ಮರದ ಕೆಳ್ಗೆ ಮಲ್ಗಿತ್ತು. ದೊಡ್ಡವು ಕೂಗಿದ್ ತಕ್ಷಣ ಬಂದೋ. ಅದು ಕೂಗಿಗೆ ಬರೋಷ್ಟು ಎಲ್ಲಿ ಬೆಳೆದಿತ್ತು? ತಿರ್ಗಾ ಮೇಲಕ್ಕೋದೆ. ಹೊಗೇಲಿ ಮರವೇ ಕಾಣ್ನಿಲ್ಲ." ತನ್ನ ಸುಟ್ಟ ಕಾಲಿನ ಕಡೆ ಕೈ ತೋರಿಸಿದಳು. "ಇದೊಂದು ಸಿಕ್ತು."

ಜಗಲಿಯ ಮೂಲೆಯಲ್ಲಿ ಒಂದು ಆಮೆಯ ಚಿಪ್ಪಿತ್ತು. ಮೊದಲು ಅದರ ಮೇಲೆ ಹಳದಿ ಗೆರೆಗಳು ನಕ್ಷತ್ರದ ಹಾಗೆ ಇದ್ದವು. ಶಾಲೆಯ ಮಕ್ಕಳಿಗೆಲ್ಲ ಆ ಆಮೆ ಗೊತ್ತಿತ್ತು. ಎಲಚಿ ಹಣ್ಣು ಆರಿಸಲು ಹೋದಾಗ ಅದೂ ಬಿದ್ದ ಹಣ್ಣು ತಿನ್ನುತ್ತಾ ಅಲ್ಲೇ ತಿರುಗಾಡುತ್ತಿತ್ತು. ಈಗ ಚಿಪ್ಪು ಇದ್ದಿಲಿನಂತೆ ಕಪ್ಪಾಗಿತ್ತು. ಒಳಗೆ ಖಾಲಿ.

"ಪಾಪ, ಅದೆಲ್ಲಿಗೆ ಓಡ್ತದೆ?" ಎಂದಳು ರೇವಜ್ಜಿ. "ಬೆಂಕಿ ಬಂದ್ರೆ ತಲೆ ಒಳೀಕೆ ಎಳ್ಕತ್ತದೆ. ಅಷ್ಟೇ ಅದುಕ್ಕೆ ಗೊತ್ತಿರೋದು."

ಮಾನ್ಯ ಬಾಯಿ ತೆರೆದಳು. ಬಂದದ್ದು ಜೋಡಿಸಿಟ್ಟ ಮಾತಲ್ಲ.

"ಅಜ್ಜಿ, ನಿನ್ನನ್ನ ಜೈಲಿಗೆ ಹಾಕ್ತಾರಾ?"

"ಆಕ್ಲಿ ಬುಡು. ಅಲ್ಲಿ ಒಲೆ ಊದೋ ಕೆಲ್ಸ ಇಲ್ಲ, ಕೂತ ಕಡೆ ಊಟ." ರೇವಜ್ಜಿ ನಗಲು ನೋಡಿದಳು. ನಗು ಪೂರ್ತಿ ಬರಲಿಲ್ಲ. "ನಲವತ್ತು ವರ್ಸ ಆ ಗುಡ್ಡ ತಿರುಗಿವ್ನಿ ಕಣ್ ಕೂಸೇ. ನಾ ಅದುಕ್ಕೆ ಬೆಂಕಿ ಇಕ್ತೀನಾ? ನೆನ್ನೆ ನಲ್ಲೀಲಿ ನನ್ ಬಿಂದಿಗೆ ಪಕ್ಕಕ್ಕೆ ಎತ್ತಿಟ್ರು. ಒಬ್ರೂ ಮಾತಾಡ್ಸ್ನಿಲ್ಲ."

ಅವಳು ಕೋಲು ಊರಿ ಎದ್ದಳು. "ನೀ ಒಸಿ ಮೇಕೆ ಕಾಯ್ತಿರು. ಹಗ್ಗ ಕಿತ್ಕಂಡು ಗುಡ್ಡದ ಕಡೀಕೆ ಓಯ್ತವೆ. ನಾ ನೀರು ತತ್ತೀನಿ."

ಕಾಯ್ತಿರು. ಮಾನ್ಯ ಮೇಕೆಗಳ ಮುಂದೆ ನಿಂತಳು. ನಾಲ್ಕು ಹಗ್ಗವನ್ನೂ ಎರಡು ಕೈಯಲ್ಲಿ ಬಿಗಿಯಾಗಿ ಹಿಡಿದಳು. ಅಜ್ಜಿ ಕುಂಟುತ್ತಾ ನಲ್ಲಿಗೆ ಹೋಗಿ ಕುಂಟುತ್ತಾ ಬರುವವರೆಗೆ ಆಚೀಚೆ ನೋಡಲಿಲ್ಲ. ರಸ್ತೆಯಲ್ಲಿ ಯಾರೋ ಕೂಗಿದರೂ ತಿರುಗಲಿಲ್ಲ. ಅಜ್ಜಿ ಬಂದು ಬೆರಳು ಬಿಡಿಸಬೇಕಾಯಿತು.

"ಬುಡೇ, ಅಂಗೈ ಕುಯ್ದೋದಾತು! ಮೇಕೆ ಕಾಯಕ್ಕೆ ಇಷ್ಟು ಗಟ್ಟಿ ಇಡ್ಕಬೇಕಾ?"

ಮಾನ್ಯ ಅಳುತ್ತಿದ್ದಳು. ಅಜ್ಜಿ ಅದು ಮರಿಗಾಗಿ ಎಂದುಕೊಂಡಳು.

*

ಬುಧವಾರ ಸಂಜೆ ತಾತ ಡೈರಿಗೆ ಹಾಲು ಹಾಕಲು ಹೊರಟರು. ಅಪ್ಪ ಹಾಸನಕ್ಕೆ ಹೋದ ದಿನ ಕ್ಯಾನು ತಾತನ ಪಾಲು. ಮಾನ್ಯ ಹಾಲಿನ ಲೆಕ್ಕದ ಕಾರ್ಡು ಹಿಡಿದುಕೊಂಡು ಜೊತೆಗೆ ನಡೆದಳು.

ಯಾವಾಗಲೂ ದಾರಿಯಲ್ಲಿ ಸಿಕ್ಕವರನ್ನೆಲ್ಲ ಮಾತಾಡಿಸುವ ತಾತ ಅವತ್ತು ನೆಲ ನೋಡಿಕೊಂಡು ಹೋಗುತ್ತಿದ್ದರು. ದೂರದಲ್ಲಿ ಡೈರಿಯ ಮುಂದೆ ಖಾಕಿ ಬಟ್ಟೆಯವರೊಬ್ಬರು ಬೈಕಿಗೆ ಒರಗಿ ನಿಂತದ್ದು ಕಂಡಿತು. ಪಕ್ಕದಲ್ಲಿ, ಎಲ್ಲರಿಂದ ಸ್ವಲ್ಪ ದೂರಕ್ಕೆ, ಕೋಲು ಹಿಡಿದು ರೇವಜ್ಜಿ.

ಮಾನ್ಯ ನಿಂತುಬಿಟ್ಟಳು.

"ತಾತ."

"ಊಂ."

"ಅವತ್ತು ನೀನು 'ಬೆಂಕಿ ಕಾಯ್ತಿರು' ಅಂದ್ಯಲ್ಲ, ಅದು ಯಾವ ಕಾಯೋದು?"

ತಾತನೂ ನಿಂತರು. ಕ್ಯಾನಿನೊಳಗೆ ಹಾಲು ತುಳುಕಿ ಸುಮ್ಮನಾಯಿತು.

"ನಮ್ ಮೇಷ್ಟ್ರು ಹೇಳಿಕೊಟ್ರು, ಕಾಯು ಅಂದ್ರೆ ಮೂರು ಅರ್ಥ ಅಂತ. ನಾನು ಚಳಿ ಅಂದಿದ್ನಲ್ಲ, ಅದಕ್ಕೆ ಕೈ ಬಿಸಿ ಮಾಡ್ಕೋ ಅಂತಿದ್ದೀಯ ಅಂದ್ಕೊಂಡೆ. ಬೆಂಕೀನ ನೋಡ್ಕೋ ಅಂದಿದ್ದು ಅಂತ ಗೊತ್ತಾಗ್ಲಿಲ್ಲ ತಾತ. ಬಿಸಿ ಆದ ತಕ್ಷಣ ಎದ್ದು ಓಡ್ಬುಟ್ಟೆ."

"ಇದ್ನೇ ತಲೇಲಿ ಇಟ್ಕಂಡಿದ್ಯಾ ಇಷ್ಟು ದಿನ?"

"ನೀನು ಟ್ರ್ಯಾಕ್ಟರಲ್ಲಿ ಬದು ಉಳ್ಸಿದ್ದು ನೋಡ್ದೆ. ನನ್ನ ಎಲ್ರೂ ಬೈತಾರೆ ಅಂತ ತಾನೆ ಮುಚ್ಚಿದ್ದು?"

ತಾತನ ಮುಖ ಮಾನ್ಯ ಎಂದೂ ನೋಡಿರದ ಹಾಗಾಯಿತು. ಅವರೇ ಅವಳಿಗಿಂತ ಚಿಕ್ಕವರಾಗಿ, ಅವಳು ಅವರನ್ನು ಏನೋ ಕೇಳಬಾರದ್ದು ಕೇಳಿದ ಹಾಗೆ.

ಕ್ಯಾನನ್ನು ರಸ್ತೆಯ ಪಕ್ಕಕ್ಕಿಟ್ಟು ಅವರು ಮಾನ್ಯಳ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಯಾವ ಕಾಯೋದು ಅಂತ ನಂಗೇ ಗೊತ್ತಿಲ್ಲ ಕಣ್ ಮಗಾ. ಬಾಯಿಗೆ ಬಂತು, ಅಂದೆ. ಎಲ್ಡೂ ಇರ್ಬೋದು. ಮೋಟರ್ ತಾವ ಹೋದೋನು ಪೈಪು ತಿರುಗಿಸ್ದೆ. ಆಮೇಲೆ ತಿರ್ಗಾ ಬಂದೆ. ಬೆಂಕಿ ಆರಿತ್ತು. ಮೋಟಲ್ಲಿ ಒಂಚೂರು ಹೊಗೆ ಆಡ್ತಿತ್ತು. ನೋಡ್ದೆ. ಒಂದು ಬಿಂದಿಗೆ ನೀರು ಉಯ್ದಿದ್ರೆ ಆಗೋದು. ತನಗೆ ತಾನೇ ಆರ್ತದೆ ಬುಡು ಅಂತ ಮನೆಗ್ ಬಂದೆ."

"ನಾನಿದ್ದಿದ್ರೆ?"

"ನೀನಿದ್ದಿದ್ರೂ ಅದು ನೀ ಕಾಯೋ ಬೆಂಕಿ ಅಲ್ಲ. ಇಟ್ಟೋನು ನಾನು."

ಅವರು ಎದ್ದರು. ಹೆಗಲ ಮೇಲಿನ ಟವೆಲನ್ನು ತೆಗೆದು ಕೊಡವಿದರು. ಅದರಿಂದ ಬೂದಿ ಉದುರಿತು. ಆ ದಿನಗಳಲ್ಲಿ ಊರಿನ ಯಾವ ಬಟ್ಟೆ ಕೊಡವಿದರೂ ಬೂದಿ ಉದುರುತ್ತಿತ್ತು.

*

"ಬೀಡಿ ಸೇದ್ತೀಯೇನಜ್ಜಿ?" ಗಾರ್ಡು ಕೇಳುತ್ತಿದ್ದರು.

"ಎಲೆಅಡ್ಕೆ ಆಕ್ತೀನಿ ಸಾ. ಬೀಡಿ ಸೇದಕಿಲ್ಲ."

"ಎಲೆಅಡ್ಕೆಗೆ ಬೆಂಕಿ ಹಚ್ಚೋರು ಯಾರೂ ಇಲ್ಲ ಬುಡಿ ಸಾ," ಎಂದು ಯಾರೋ ಅಂದರು. ಸಾಲಿನಲ್ಲಿ ನಿಂತವರು ಸಣ್ಣಗೆ ನಕ್ಕರು.

"ಹಂಗಾರೆ ಗುಡ್ಡದ ಮೇಲೆ ಏನ್ ಮಾಡ್ತಿದ್ದೆ?"

"ಮೇಕೆ ಕಾಯ್ತಿದ್ದೆ."

ತಾತನನ್ನು ಕಂಡು ಜನ ದಾರಿ ಬಿಟ್ಟರು. ಸಾಲಿನಿಂದ ಒಬ್ಬರು ಕರೆದರು. "ಬನ್ನಿ ಪುಟ್ಟರಾಜಣ್ಣ. ನೀವೇ ಒಂದ್ ಮಾತು ಹೇಳಿ. ಇನ್ನೊಂದ್ ಎರಡು ವರ್ಸ ಇವಳ ಮೇಕೆ ಗುಡ್ಡಕ್ಕೆ ಬಿಡಂಗಿಲ್ಲ ಅಂತ ಮಾಡೋಣ, ಜೈಲು ಗೀಲು ಬ್ಯಾಡ. ಏನಂತೀರಾ?"

ತಾತ ಕ್ಯಾನನ್ನು ಕಟ್ಟೆಯ ಮೇಲಿಟ್ಟರು.

"ಬರ್ಕಳಿ ಸಾ," ಎಂದರು ಗಾರ್ಡಿಗೆ. "ಬದಕ್ಕೆ ಬೆಂಕಿ ಇಟ್ಟಿದ್ದು ನಾನು. ಅಲ್ಲಿಂದ ಗುಡ್ಡಕ್ಕೆ ಹೋಗಿದ್ದು. ರೇವಮ್ಮಂದು ಏನೂ ಇಲ್ಲ."

ಹಾಲು ಅಳೆಯುವ ಮೆಷಿನ್ನು ಒಂದೇ ಸಮನೆ ಕುಂಯ್ ಎನ್ನುತ್ತಿತ್ತು. ಯಾರೂ ಅದನ್ನು ನಿಲ್ಲಿಸಲಿಲ್ಲ.

ಗಾರ್ಡು ಪುಸ್ತಕದ ಹಾಳೆ ತಿರುವಿದರು. "ಬೆಂಕಿ ಇಟ್ಟ ಮೇಲೆ ಕಾಯೋಕೆ ಯಾರೂ ಇರಲಿಲ್ವಾ ಯಜಮಾನ್ರೆ?"

"ಯಾರೂ ಇರ್ಲಿಲ್ಲ."

"ನಾನಿದ್ದೆ," ಎಂದಳು ಮಾನ್ಯ.

ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. ಆದರೆ ಗಾರ್ಡು ತಲೆ ಎತ್ತಿದರು. "ಏನ್ ಪುಟ್ಟಿ?"

"ಮಗು ಸಾ ಅದು," ಎಂದರು ತಾತ, ಅವಳ ತಲೆಯ ಮೇಲೆ ಕೈ ಇಟ್ಟು. "ಅದ್ನ ಬರ್ಕಬ್ಯಾಡಿ."

ಎಲ್ಲರೂ ರೇವಜ್ಜಿಯ ಕಡೆ ನೋಡಿದರು. ಅವಳು ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದು ಮಾನ್ಯ ಅಂದುಕೊಂಡಳು. ಅವಳು ಎರಡನ್ನೂ ಮಾಡಲಿಲ್ಲ. ತಾತನನ್ನು ಸುಮಾರು ಹೊತ್ತು ನೋಡಿದಳು.

"ನಾಕು ದಿನ ಆಯ್ತಲ್ಲ ಪುಟ್ಟರಾಜಣ್ಣ," ಎಂದಳು.

ಅಷ್ಟೇ. ಕೋಲು ಊರಿಕೊಂಡು, ಒಂದು ಕಾಲನ್ನು ಎಳೆಯುತ್ತಾ ಹೊರಟಳು. ತಾತ ಟವೆಲಿನಿಂದ ಮುಖ ಒರೆಸಿಕೊಂಡರು, ಬೆವರೇ ಇಲ್ಲದಿದ್ದರೂ.

*

ಆಮೇಲೆ ತಾತ ಮೂರು ಸಲ ಅರಕಲಗೂಡಿಗೆ ಹೋಗಿಬಂದರು. ಬೆಳಿಗ್ಗೆ ಹೋದವರು ಸಂಜೆಯವರೆಗೂ ಫಾರೆಸ್ಟ್ ಆಫೀಸಿನ ಬೆಂಚಿನ ಮೇಲೆ ಕೂತು ಬರುತ್ತಿದ್ದರು. ಡೈರಿಯಲ್ಲಿ ಈಗ ಜನ ಅವರಿಗೆ ದಾರಿ ಬಿಡುತ್ತಿರಲಿಲ್ಲ. ಬೈಯುತ್ತಲೂ ಇರಲಿಲ್ಲ. ಅವರೂ ಎಲ್ಲರ ಹಾಗೆ ಸಾಲಿನಲ್ಲಿ ನಿಲ್ಲುತ್ತಿದ್ದರು.

ದಿನಾ ಬೆಳಿಗ್ಗೆ ಅವರು ಒಂದು ಹೊರೆ ಸೀಮೆಹುಲ್ಲನ್ನು ರೇವಜ್ಜಿಯ ಅಂಗಳದಲ್ಲಿ ಇಳಿಸಿ ಬರುತ್ತಿದ್ದರು. ಅವಳು ಬೇಡ ಅನ್ನಲಿಲ್ಲ. ಬಾ ಕೂತ್ಕೊ ಎಂದೂ ಅನ್ನಲಿಲ್ಲ. ಮೇಕೆಗಳು ಮಾತ್ರ ಅವರನ್ನು ದೂರದಿಂದಲೇ ಗುರುತು ಹಿಡಿದು ಕೂಗತೊಡಗಿದವು.

ಯುಗಾದಿ ಕಳೆದು ಎರಡು ವಾರಕ್ಕೆ ಮಳೆ ಬಿತ್ತು. ಒಂದೇ ಮಳೆ, ಅದೂ ಗುಡುಗಿದ್ದೇ ಹೆಚ್ಚು. ಗುಡ್ಡದಿಂದ ಕಪ್ಪು ನೀರು ಇಳಿದು ಶಾಲೆಯ ಮುಂದಿನ ಚರಂಡಿಯಲ್ಲಿ ಹರಿಯಿತು. ನಾಲ್ಕು ದಿನಕ್ಕೆ ಗುಡ್ಡದ ಮೇಲೆ ತೆಳ್ಳಗೆ ಹಸಿರು ಕಾಣಿಸಿತು. ದೂರದಿಂದ ನೋಡಿದರೆ ಮಾತ್ರ ಕಾಣುವಷ್ಟು.

ಭಾನುವಾರ ಮಾನ್ಯ ಗುಡ್ಡದ ಕಡೆ ಹೋದಳು. ರೇವಜ್ಜಿ ಗುಡ್ಡದ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದಳು. ನಾಲ್ಕು ಮೇಕೆಗಳೂ ಕೆಳಗೆ ಕೊಯ್ಲಾದ ಹೊಲದ ಕೂಳೆಯಲ್ಲಿ ಮೇಯುತ್ತಿದ್ದವು. ಆಗಾಗ ತಲೆ ಎತ್ತಿ ಹಸಿರಿನ ಕಡೆ ನೋಡುತ್ತಿದ್ದವು. ಆಗೆಲ್ಲ ಅಜ್ಜಿ ಕೋಲಿನಿಂದ ನೆಲ ಕುಟ್ಟುತ್ತಿದ್ದಳು.

"ಹುಲ್ಲು ಬಂದಿದ್ಯಲ್ಲ ಅಜ್ಜಿ. ಯಾಕೆ ಬಿಡ್ತಿಲ್ಲ?"

"ಈಗ್ಲೇ ಬುಟ್ರೆ ಬೇರು ಸಮೇತ ಕಿತ್ಕತ್ತವೆ. ಬೇರು ಕಚ್ಕಬೇಕು. ಇನ್ನೆಲ್ಡು ಮಳೆ ಆಗ್ಲಿ." ಅವಳು ಕಲ್ಲಿನ ಮೇಲೆ ಸ್ವಲ್ಪ ಸರಿದಳು. ಮಾನ್ಯ ಪಕ್ಕದಲ್ಲಿ ಕೂತಳು.

ಮೇಲೆ ಎಲಚಿ ಮರ ಕಾಣುತ್ತಿತ್ತು. ಕಪ್ಪಗೆ, ಬರೀ ಕೊಂಬೆ. ಅದರ ಬುಡದಲ್ಲಿ ಯಾರೋ ಮೂರು ಕಲ್ಲು ಜೋಡಿಸಿ ಸಣ್ಣದೊಂದು ಗುಡ್ಡೆ ಮಾಡಿದ್ದರು. ಅದರ ಮೇಲೆ ಆಮೆಯ ಚಿಪ್ಪಿತ್ತು.

"ಮರ ಚಿಗುರ್ತದಾ ಅಜ್ಜಿ?"

"ಚಿಗುರ್ಬೋದು. ಚಿಗುರ್ದೆನೂ ಇರ್ಬೋದು." ಅಜ್ಜಿ ಸುಳ್ಳು ಹೇಳುವವಳಲ್ಲ. "ಬುಡ ಬದುಕಿದ್ರೆ ಬುಡದಲ್ಲೇ ಒಡೀತದೆ. ಮರಿ ಅಂತೂ ಬರಕಿಲ್ಲ."

ಮಾನ್ಯಳ ಕೈಗೆ ಅಜ್ಜಿ ಕೋಲು ಕೊಟ್ಟಳು. ತಾನು ಸೆರಗಿನ ಗಂಟು ಬಿಚ್ಚಿ ಅಡಿಕೆ ಹುಡುಕತೊಡಗಿದಳು.

ಸ್ವಲ್ಪ ಹೊತ್ತಿಗೆ ರಸ್ತೆಯಿಂದ ಪ್ರೇಕ್ಷಾ ಕೂಗಿದಳು. ಸೈಕಲ್ ನಿಲ್ಲಿಸಿಕೊಂಡು ಒಂಟಿಕಾಲಲ್ಲಿ ನಿಂತಿದ್ದಳು. "ಮಾನ್ಯಾ! ಆಟಕ್ಕೆ ಬರಲ್ವೇನೇ? ಅಲ್ಲಿ ಕೂತ್ಕೊಂಡು ಏನ್ ಮಾಡ್ತಿದ್ದೀಯ?"

ಒಂದು ಮೇಕೆ ಮೆಲ್ಲನೆ ಹಸಿರಿನ ಕಡೆ ಹೆಜ್ಜೆ ಹಾಕಿತು. ಮಾನ್ಯ ಕೋಲಿನಿಂದ ನೆಲ ಕುಟ್ಟಿದಳು. ಅದು ತಿರುಗಿ ಕೂಳೆಗೆ ಹೋಯಿತು. ಮರದ ಕಡೆ ನೋಡಿದಳು. ಬುಡದಲ್ಲಿ ಚಿಗುರು ಒಡೆದಿದೆಯೋ ಇಲ್ಲವೋ ಈ ದೂರದಿಂದ ಕಾಣುತ್ತಿರಲಿಲ್ಲ.

"ಕಾಯ್ತಿದ್ದೀನಿ," ಎಂದು ಕೂಗಿ ಹೇಳಿದಳು.

ಪ್ರೇಕ್ಷಾ ಏನನ್ನು ಎಂದು ಕೇಳಲಿಲ್ಲ. ಬೆಲ್ ಹೊಡೆಯುತ್ತಾ ಹೊರಟುಹೋದಳು. ಮಾನ್ಯ ಏಳಲಿಲ್ಲ. ಗಾಳಿ ಇನ್ನೂ ಒಂದಿಷ್ಟು ಬೂದಿಯನ್ನು ಎತ್ತಿ ತಂದು ಅವಳ ಮೊಣಕಾಲ ಮೇಲೆ ಇಟ್ಟಿತು.